ಸಂದಿಗೆ ಏನು ತುಂಬುವುದು

ಮಾರ್ಚ್ ೯, ಸೋಮವಾರ

ಶನಿವಾರ ಬೆಳಿಗ್ಗೆ ಇವರ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದರು. ಅಲ್ಲಿ ನೆಲ ಒಣಗುವುದೇ ಇಲ್ಲ, ಪಾಚಿ ಕಟ್ಟಿದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು "ಪೇಷಂಟು ನಿಮಗೇನಾಗಬೇಕು?" ಅಂತ ಕೇಳಿದಳು. ಗಂಡನ ಮೊದಲ ಹೆಂಡತಿಯ ತಾಯಿ ಅಂದರೆ ಸಾಲಿನಲ್ಲಿ ನಿಂತವರೆಲ್ಲ ಕತ್ತು ಉದ್ದ ಮಾಡುತ್ತಿದ್ದರು. "ಮನೆಯವರು" ಅಂದೆ. ಅವಳು ಹಾಗೇ ಬರೆದುಕೊಂಡಳು.

ನಾನು ಈ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಲವತ್ತು ದಾಟಿದ ಮೇಲೆ ಮದುವೆಯಾದವಳಿಗೆ ಅತ್ತೆಯ ಕಾಟವಿರುವುದಿಲ್ಲ ಅಂತ ನನ್ನ ಅಕ್ಕ ನಗುತ್ತಿದ್ದಳು. ಇವರ ತಾಯಿ ಇಲ್ಲ, ನಿಜ. ಆದರೆ ಮಗಳ ಕಾಯಿಲೆಯಲ್ಲಿ ನೋಡಿಕೊಳ್ಳಲು ಬಂದ ಈಕೆ, ಮಗಳು ಹೋದ ಮೇಲೂ ಇಲ್ಲೇ ಇದ್ದಾರೆ. ಇರಿ ಅಂತ ಇವರು ಹೇಳಲಿಲ್ಲ, ಹೋಗಿ ಅಂತಲೂ ಹೇಳಲಿಲ್ಲ. ಇವರದ್ದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇವರಿಗೇನೋ ಆಕೆ ಅತ್ತೆ. ನನಗೆ? ಆ ನಂಟಿಗೆ ಹೆಸರೇ ಇದ್ದಂತಿಲ್ಲ. ಹಾಗಾಗಿ "ಊಟ ಆಗಿದೆ", "ಬಾಗಿಲು ಹಾಕ್ಕೋಬೇಕು" ಅಂತ ಗಾಳಿಗೆ ಹೇಳುತ್ತೇನೆ. ಆಕೆಯೂ ಗಾಳಿಗೇ ಉತ್ತರ ಕೊಡುತ್ತಾರೆ.

ಇವರು ರೈಲಿನ ಗಾರ್ಡು. ಇವತ್ತು ಡ್ಯೂಟಿಗೆ ಹೊರಡುವಾಗ ಬೂಟಿನ ದಾರ ಕಟ್ಟುತ್ತಾ, "ಮಳೆಗಾಲಕ್ಕೆ ಮುಂಚೆ ಹಿತ್ತಲಿಗೆ ಪೂರ್ತಿ ಕಲ್ಲು ಹಾಸಿಸಿಬಿಡು. ಇನ್ನೊಂದು ಸಲ ಬಿದ್ದರೆ ಕಷ್ಟ" ಅಂದರು.

"ಯಾವ ಕಲ್ಲು? ಹೇಗೆ?"

"ನಿನ್ನಿಷ್ಟ."

ಮಾರ್ಚ್ ೧೧, ಬುಧವಾರ

ಮೇಸ್ತ್ರಿ ಬಂದು ನೋಡಿ ಹೋದರು. ಮಾತಿಗೊಂದು ಸಲ "ಆಗುತ್ತೆ ಬಿಡಿ" ಅನ್ನುವ ಮನುಷ್ಯ. ಚಪ್ಪಡಿ ಹಾಸುವುದು ದೊಡ್ಡದಲ್ಲವಂತೆ; ಎರಡು ಚಪ್ಪಡಿಯ ನಡುವಿನ ಸಂದಿಗೆ ಏನು ತುಂಬುತ್ತೀರಿ, ಬಿದ್ದ ನೀರನ್ನು ಎಲ್ಲಿಗೆ ಕಳಿಸುತ್ತೀರಿ, ಎಲ್ಲ ಅದರ ಮೇಲೆ ನಿಂತಿದೆಯಂತೆ.

"ಏನು ತುಂಬಬೇಕು?"

"ಸಿಮೆಂಟು, ಮರಳು. ನಮ್ಮಪ್ಪನ ಕಾಲದಿಂದ ಅದೇ."

ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಟ್ಟಡದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಹಳೇ ಸಿಮೆಂಟಿನ ಮಾತೆತ್ತಿದರೆ ಮೂಗು ಮುರಿದ. ಬಣ್ಣದ ಪುಡಿ ಇದೆಯಂತೆ, ಅಂಟು ಬೆರೆಸಿದ್ದು, ನೀರು ಹಾಕಿ ಕಲಸಬೇಕು. ಕಸಬರಿಕೆಯಲ್ಲಿ ಗುಡಿಸಿ ಸಂದಿಗೆ ಇಳಿಸುವ ಮರಳಿನಂಥದ್ದು ಇದೆಯಂತೆ, ಅದು ತಾನೇ ಗಟ್ಟಿಯಾಗುತ್ತದೆ, ನೀರನ್ನು ಒಳಕ್ಕೆ ಬಿಡುತ್ತದೆ. ಎರಡು ಡಬ್ಬಿಯದನ್ನು ಬೆರೆಸಿ ಹಾಕುವ ಅಂಟು ಬೇರೆ ಇದೆಯಂತೆ. "ಮೊದಲು ಹೇಳಿ ಮೇಡಂ, ಕಲ್ಲಿನ ಕೆಳಗೆ ಏನು? ಕಾಂಕ್ರೀಟಾ, ಜಲ್ಲಿಯಾ?"

"ಗೊತ್ತಿಲ್ಲ."

"ಅದು ಗೊತ್ತಾಗದೆ ಇದನ್ನ ಹೇಳಕ್ಕಾಗಲ್ಲ. ಕೆಳಗಿರೋದು ಅಲುಗಾಡಿದರೆ ಮೇಲಿನ ಗಟ್ಟಿ ಸಂದು ಬಿರುಕು ಬಿಡುತ್ತೆ."

ಮೇಸ್ತ್ರಿಗೆ ಫೋನ್ ಮಾಡಿದೆ. "ಸಂದಿಗೆ ಏನು ಅಂತ ನೀವು ತೀರ್ಮಾನ ಮಾಡಿ, ಕೆಳಗೆ ಏನು ಹಾಕೋದು ಅಂತ ಆಮೇಲೆ ನಾನು ಹೇಳ್ತೀನಿ" ಅಂದರು. ಎತ್ತು ಏರಿಗೆ, ಕೋಣ ನೀರಿಗೆ.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಇಂಥ ಗೋಳಿಲ್ಲ. ಕಣ್ಣಿಗೊಂದು ನಂಬರು, ನಂಬರಿಗೊಂದು ಗಾಜು.

ಸಂಜೆ ಆಕೆಯ ತಲೆ ಬಾಚಿದೆ. ಇಷ್ಟು ದಿನ ಒಂದೇ ಸೂರಿನಡಿ ಇದ್ದು, ಆಕೆಯನ್ನು ಮುಟ್ಟಿದ್ದು ಇದೇ ಮೊದಲು. ಕೂದಲು ನೂಲಿನ ಹಾಗೆ ಸಣ್ಣ. ಸಿಕ್ಕು ಬಿಡಿಸುವಾಗ ಎಳೆದೆನೋ ಏನೋ. ಕೇಳಲಿಲ್ಲ.

ಮಾರ್ಚ್ ೧೪, ಶನಿವಾರ

ಸ್ನಾನ ಮಾಡಿಸುವುದು, ಗುಂಡಿ ಹಾಕುವುದು, ತಟ್ಟೆಯಲ್ಲಿ ತುಂಡು ಮಾಡಿ ಕೊಡುವುದು. ಆಮೇಲೆ ಕೆಲಸಕ್ಕೆ ಓಟ. ನಾನು ಮಾಡಬೇಕಾದ್ದೋ ಅಲ್ಲವೋ ಗೊತ್ತಾಗದ ಕೆಲಸ ಮಾಡುವಾಗ ಕೈ ಎರಡು ಪಟ್ಟು ಸೋಲುತ್ತದೆ.

ಮಧ್ಯಾಹ್ನ ಹಜಾರದಲ್ಲಿ ನಿಂತು ಆಕೆಯ ಮಗನಿಗೆ ಫೋನ್ ಮಾಡಿದೆ. ಅವರಿರುವುದು ಬಸ್ಸಿನಲ್ಲಿ ಮೂರು ಗಂಟೆಯ ದಾರಿ ದೂರ. ಹಬ್ಬಿದ ಧೂಳಿನಲ್ಲಿ, ಕಿತ್ತು ಹಾಕಿದ ನೆಲದಲ್ಲಿ ಮತ್ತೆ ಎಡವಿದರೆ ಕಷ್ಟ, ಕೆಲಸ ಮುಗಿಯುವವರೆಗೆ ಕರೆದುಕೊಂಡು ಹೋಗಿ ಅಂದೆ.

"ಕೆಲಸ ಮುಗಿದ ಮೇಲೆ?" ಅಂದರು.

"ನೋಡೋಣ" ಅಂದೆ.

ಅವರು ಮರ್ಯಾದಸ್ತರು, ಮತ್ತೇನೂ ಕೇಳಲಿಲ್ಲ. ಮನೆಯಲ್ಲಿ ಬಣ್ಣ ಬಳಿಸುತ್ತಿದ್ದಾರಂತೆ, ಮುಗಿದ ಕೂಡಲೇ ಬರುತ್ತಾರಂತೆ. ಧೂಳಿನ ಮಾತು ಸುಳ್ಳೇನಲ್ಲ. ಆಕೆ ಕೋಣೆಯಲ್ಲಿ ಮಲಗಿದ್ದರು.

ಇವರಿಗೆ ಹೇಳಿದೆ. "ನಿನ್ನಿಷ್ಟ" ಅಂದರು.

ಮಾರ್ಚ್ ೧೯, ಗುರುವಾರ

ಕಲ್ಲು ಬಂತು. ಬಿಸ್ಕತ್ತಿನ ಬಣ್ಣ, ಒದ್ದೆಯಾದರೆ ಜೇನಿನ ಬಣ್ಣ. ಮೆತ್ತನೆಯ ಜಾತಿಯಂತೆ, ಬೇಗ ಕಲೆ ಹಿಡಿಯುತ್ತದಂತೆ. ಗೊತ್ತಿದ್ದರೆ ಬೇರೆ ತರುತ್ತಿದ್ದೆ.

ಮೇಸ್ತ್ರಿ ಉದ್ದದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿ ಆ ತುದಿಗೂ ಈ ತುದಿಗೂ ಹಿಡಿದು ಮಟ್ಟ ನೋಡಿದರು. ನೋಡಿ ಪೆಚ್ಚಾದರು. ಹಿಂದಿನ ಗೋಡೆಯ ಹತ್ತಿರ ನೆಲ ಎತ್ತರ, ಅಡುಗೆಮನೆಯ ಹೊಸ್ತಿಲ ಹತ್ತಿರ ತಗ್ಗು. ಅಂದರೆ ಹಿತ್ತಲಿಗೆ ಬಿದ್ದ ನೀರೆಲ್ಲ ಮನೆಗೇ ನೆಂಟರ ಹಾಗೆ ಬರುತ್ತದೆ. ಕಲ್ಲು ಹಾಸಿದರೆ ಇಂಗುವುದೂ ನಿಂತು, ಇನ್ನೂ ಬೇಗ ಬರುತ್ತದೆ. ವಾಟವನ್ನು, ಅಂದರೆ ಇಳಿಜಾರನ್ನು, ಆ ಕಡೆ ತಿರುಗಿಸಬೇಕಾದರೆ ಅರ್ಧ ಹಿತ್ತಲು ಅಗೆಯಬೇಕು, ಗೋಡೆಯ ಬುಡ ಸಡಿಲವಾಗುತ್ತದೆ. ಈ ಕಡೆಗೇ ಬಿಟ್ಟರೆ ಹೊಸ್ತಿಲ ಮುಂದೆ ಅಡ್ಡಕ್ಕೆ ಒಂದು ಕಾಲುವೆ ಮಾಡಿ, ಜಾಲರಿ ಹಾಕಿ, ನೀರನ್ನು ಹಿಡಿದು ಹೊರಗೆ ಸಾಗಿಸಬೇಕು.

"ಹೊರಗೆ ಅಂದರೆ ಎಲ್ಲಿಗೆ?" ಅಂತ ಕೇಳಿದೆ.

"ಅದೇ ಈಗಿನ ಪ್ರಶ್ನೆ" ಅಂದರು.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಇವರ ಅತ್ತೆ ಆಗ ಬಾಯಿ ಬಿಟ್ಟರು. "ಅಲ್ಲಿ ಕೆಳಗೆ ಮಣ್ಣಿನ ಕೊಳವೆ ಇದೆ. ಒಗೆಯೋ ಕಲ್ಲಿನ ಬುಡದಿಂದ ಬೀದಿ ಮೋರಿಗೆ ಹೋಗುತ್ತೆ. ಈ ಮನೆ ತಗೊಂಡಾಗ ನಾನೂ ನನ್ನ ಮಗಳೂ ನಿಂತು ಹಾಕಿಸಿದ್ದು."

ಒಗೆಯುವ ಕಲ್ಲು ಎಬ್ಬಿಸಿ ಅಗೆದರು. ಬರೀ ಮಣ್ಣು. "ಸ್ವಲ್ಪ ಇತ್ತ ಇರಬೇಕು" ಅಂದರು. ಅಲ್ಲೂ ಮಣ್ಣು. ನಲ್ಲಿಯ ಪಕ್ಕ ಅಗೆದರು. ಒಂದು ಹಳೇ ಚಮಚ ಸಿಕ್ಕಿತು. ಮೇಸ್ತ್ರಿ ಬೆವರು ಒರೆಸಿಕೊಂಡು, "ಅಜ್ಜಿ, ನೀವು ಹೇಳ್ತಿರೋ ಕೊಳವೆ ಬೇರೆ ಯಾವುದೋ ಮನೇದಿರಬೇಕು" ಅಂದರು.

ನಾನು ನಕ್ಕೆ. ಯಾಕೆ ನಕ್ಕೆನೋ. ಅಗೆದ ಗುಂಡಿಯ ಪಕ್ಕದಲ್ಲಿ ಆ ಚಮಚ ನೋಡಿ ನಗು ಬಂತು ಅಷ್ಟೇ.

ಸಂಜೆ ಇವರು ಬಂದರು. ಡ್ಯೂಟಿಯಲ್ಲೇ ಇರುವ ಇವರಿಗೆ ಕೊಳವೆಯ ವಿಷಯ ಏನೂ ಗೊತ್ತಿಲ್ಲ. "ಅತ್ತೆಗೆ ಈಚೆಗೆ ಮರೆವು ಜಾಸ್ತಿ" ಅಂದರು, ಸ್ವಲ್ಪ ಗಟ್ಟಿಯಾಗಿಯೇ. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು ಆಕೆ. ತಟ್ಟೆ ಮುಚ್ಚಿಟ್ಟೆ.

ಮಾರ್ಚ್ ೨೨, ಭಾನುವಾರ

ಅಂಗಡಿಯವನು ಒಂದೊಂದು ಹಿಡಿ ಮಾದರಿ ಕೊಟ್ಟಿದ್ದ. ತಲೆ ಕೆಟ್ಟುಹೋಗಿ, ಯಾರನ್ನೂ ಕೇಳುವುದು ಬೇಡ, ನಾನೇ ಮಾಡಿ ನೋಡುತ್ತೇನೆ ಅಂತ ಹಣ್ಣಿನ ಪೆಟ್ಟಿಗೆಗಳನ್ನು ತಂದು ಹಿತ್ತಲಲ್ಲಿ ಇಟ್ಟುಕೊಂಡೆ. ಒಡೆದ ಕಲ್ಲಿನ ಚೂರುಗಳನ್ನು ಬೆರಳಗಲ ಬಿಟ್ಟು ಜೋಡಿಸಿದೆ. ಜೋಡಿಸಿದ್ದು ಸರಿದು ಸರಿದು ಹೋಗುತ್ತಿತ್ತು. ಹೊಸ್ತಿಲಲ್ಲಿ ಕೂತಿದ್ದ ಆಕೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೋಲೂರಿ ಎದ್ದು ಬಂದು, ಕೋಲು ಬದಿಗಿಟ್ಟು, ಎಡಗೈಯಲ್ಲಿ ಪೆಟ್ಟಿಗೆ ಒತ್ತಿ ಹಿಡಿದರು.

ಒಂದರಲ್ಲಿ ಮೇಸ್ತ್ರಿಯ ಸಿಮೆಂಟು ಮರಳು. ಇನ್ನೊಂದರಲ್ಲಿ ಅಂಟು ಬೆರೆತ ಪುಡಿ. ಮತ್ತೊಂದರಲ್ಲಿ ಗುಡಿಸಿ ಇಳಿಸುವ ಮರಳು. ಎರಡನೆಯದನ್ನು ಕಲಸುವಾಗ ನೀರು ಜಾಸ್ತಿಯಾಯಿತು. ಅದು ಸೌಟಿನಿಂದ ಸುರಿಯತೊಡಗಿತು.

"ಇದು ಗಾರೆಯೋ, ಬಟ್ಟೆಗೆ ಹಾಕೋ ಗಂಜಿಯೋ?"

"ಬೇಗ ಒಳಗೆ ಇಳೀಲಿ ಅಂತ ಹಾಕಿದೆ."

"ಇಳಿಯುತ್ತೆ. ಒಣಗಿದ ಮೇಲೆ ಕುಗ್ಗಿ ಬಿರಿಯುತ್ತೆ. ಇನ್ನೊಂದು ಸಲ ಕಲಸು. ಉಂಡೆ ಕಟ್ಟೋ ಹಾಗಿರಬೇಕು, ಕೈಗೆ ಅಂಟಬಾರದು."

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಹಿಟ್ಟು ಹಾಗೇ ಅಲ್ವಾ, ಇದೂ ಹಾಗೇ ಇರಬೇಕು ಅಂದ್ಕೊಂಡೆ."

ಇಬ್ಬರಿಗೂ ನಗು ಬಂತು. ಅಲ್ಲಿಗೆ ನಮಗೆ ಮೇಸ್ತ್ರಿಯೂ ಇಲ್ಲ, ಅಂಗಡಿಯವನೂ ಇಲ್ಲ. ಕುರುಡರು ಆನೆ ಮುಟ್ಟಿದ ಹಾಗೆ ಇಬ್ಬರೂ ಮುಟ್ಟಿ ಮುಟ್ಟಿ ನೋಡಿದೆವು. "ಅಮ್ಮ, ಆ ಕಡೆ ಸ್ವಲ್ಪ ಎತ್ತಿ" ಅಂದೆ, ಎತ್ತಿದರು. ಅವರ ಮೂಗಿನ ತುದಿಗೆ ಪುಡಿ ಅಂಟಿತ್ತು. ಸೆರಗಿನಲ್ಲಿ ಒರೆಸಿದೆ.

ಮಧ್ಯಾಹ್ನದವರೆಗೆ ಬಟ್ಟೆಯ ಮಾತು, ಮೂಳೆಯ ಮಾತು, ಅವರ ಮಗಳು ಚಿಕ್ಕವಳಿದ್ದಾಗ ಚಾಕ್‌ಪೀಸ್ ತಿನ್ನುತ್ತಿದ್ದ ಮಾತು. ಆ ಮಾತು ಬಂದಾಗ ನಾನು ಏನು ಮುಖ ಮಾಡಬೇಕು ಅಂತ ತಿಳಿಯದೆ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಅವರು ಗಮನಿಸಿದ ಹಾಗೆ ಕಾಣಲಿಲ್ಲ.

ಮಾರ್ಚ್ ೨೫, ಬುಧವಾರ

ಪೆಟ್ಟಿಗೆಗಳು ಒಣಗಿದವು. ತೀರ್ಪು ಬಂತು ಅಂದುಕೊಂಡರೆ ಗೊಂದಲ ಇನ್ನೂ ಹೆಚ್ಚಾಯಿತು. ಸಿಮೆಂಟು ಗಟ್ಟಿಯಾಗಿದೆ, ಆದರೆ ಕಲ್ಲಿನ ಅಂಚಿಗೆಲ್ಲ ಬೂದಿ ಬಣ್ಣದ ಕಲೆ ಹಿಡಿದಿದೆ, ಉಜ್ಜಿದರೂ ಹೋಗುವುದಿಲ್ಲ. ಗುಡಿಸಿದ ಮರಳು ಚೆಂಬಿನ ನೀರನ್ನೆಲ್ಲ ಕುಡಿದುಬಿಟ್ಟಿತು, ಒಳ್ಳೆಯದೇ. ಆದರೆ ಹೊಸ್ತಿಲ ಬುಡದಲ್ಲಿ ಅಷ್ಟು ನೀರು ಒಳಕ್ಕೆ ಹೋದರೆ ಮನೆಯ ಗೋಡೆಗೆ ತೇವ ಏರುತ್ತದೆ ಅಂತ ಮೇಸ್ತ್ರಿ. ಎರಡನೆಯದು ಚೆನ್ನಾಗಿದೆ, ಆದರೆ ಅದು ನೀರನ್ನು ಒಳಗೆ ಬಿಡುವುದಿಲ್ಲ, ಮೇಲೆ ಮೇಲೆಯೇ ಹರಿಯಬೇಕು. ಹರಿದು ಹೋಗುವುದು ಎಲ್ಲಿಗೆ? ಮತ್ತೆ ಅದೇ ಪ್ರಶ್ನೆ.

ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದಿದ್ದಾರೆ. "ಆಗುತ್ತೆ ಬಿಡಿ, ಮುಂದಿನ ವಾರ" ಅಂದರು. ಹಿತ್ತಲು ಯುದ್ಧ ಆದ ಜಾಗದ ಹಾಗಿದೆ.

ಮಾರ್ಚ್ ೨೮, ಶನಿವಾರ

ಏನೂ ಇಲ್ಲ. ಅಮ್ಮನಿಗೆ ಪ್ಲಾಸ್ಟರಿನ ಒಳಗೆ ತುರಿಕೆ. ಹೆಣಿಗೆಯ ಕಡ್ಡಿ ಕೊಟ್ಟೆ.

ಏಪ್ರಿಲ್ ೩, ಶುಕ್ರವಾರ

ಮಗ ಬಂದರು. ಹೇಳದೆ ಕೇಳದೆ, ಬೆಳಿಗ್ಗೆ, ಕಾರು ತೆಗೆದುಕೊಂಡು. ಮನೆಗೆ ಬಣ್ಣ ಬಳಿದಾಯಿತಂತೆ.

ನನ್ನ ಕೈಯಲ್ಲಿ ಬಾಚಣಿಗೆ ಇತ್ತು. "ಕೆಲಸ ಇನ್ನೂ ಶುರುವೇ ಆಗಿಲ್ಲ, ಧೂಳೇನೂ ಇಲ್ಲ" ಅಂದೆ.

"ಒಳ್ಳೇದಾಯ್ತಲ್ಲ, ಧೂಳು ಏಳೋದರೊಳಗೆ ಕರಕೊಂಡು ಹೋಗ್ತೀನಿ" ಅಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನೀವು ಫೋನ್ ಮಾಡಿದ್ದನ್ನ ಅಮ್ಮನಿಗೆ ಹೇಳಿಲ್ಲ. ನಾನಾಗೇ ಬಂದ ಹಾಗಿರಲಿ" ಅಂದರು. ಅವರು ಒಳ್ಳೆಯವರು. ಅದೇ ಕಷ್ಟ.

ಅಮ್ಮ ಒಂದೇ ಕೈಯಲ್ಲಿ ಬಟ್ಟೆ ಮಡಚಲು ನೋಡಿದರು, ನಾನು ಮಡಚಿದೆ. ಅವರ ಮಾತ್ರೆ ಯಾವಾಗ, ಯಾವ ಮಗ್ಗುಲಿಗೆ ದಿಂಬು ಇಡಬೇಕು, ನೀರು ಬಿಸಿ ಎಷ್ಟಿರಬೇಕು, ಎಲ್ಲ ಮಗನಿಗೆ ಹೇಳಿದೆ. ಅವರು ತಲೆಯಾಡಿಸಿದರು. ನೆನಪಿಟ್ಟುಕೊಂಡರೋ ಇಲ್ಲವೋ.

ಇವರು ಕಾರಿನ ತನಕ ಹೋಗಿ "ಅತ್ತೆ, ಹುಷಾರು" ಅಂದರು. ಅಷ್ಟೇ. ಕಾರಿನ ಗಾಜು ಇಳಿಸಿ ಅಮ್ಮ ನನ್ನ ಕಡೆ ನೋಡಿ, "ಎರಡನೇದೇ ಹಾಕ್ಸು. ನೀರು ಕಮ್ಮಿ" ಅಂದರು.

ಇನ್ನು ನಾನು, ಇವರು, ಮನೆ. ಇದೇ ತಾನೆ ನಾನು ಅಂದುಕೊಂಡಿದ್ದು. ಮಧ್ಯಾಹ್ನ ಬಡಿಸುವಾಗ ಮೂರು ತಟ್ಟೆ ಇಟ್ಟಿದ್ದೆ. ರೂಢಿ.

ಏಪ್ರಿಲ್ ೮, ಬುಧವಾರ

ಕೊಳವೆ ಸಿಕ್ಕಿತು.

ಬೇರೆ ದಾರಿ ಇಲ್ಲ ಅಂತ ಮೇಸ್ತ್ರಿ ಇಂಗುಗುಂಡಿ ತೋಡಲು ನಿಂಬೆ ಗಿಡದ ಪಕ್ಕ ಅಗೆಯುತ್ತಿದ್ದರು. ಹಾರೆ ಟಣ್ ಅಂದಿತು. ಕೈಯಲ್ಲಿ ಮಣ್ಣು ಸರಿಸಿದರೆ ಸುಟ್ಟ ಮಣ್ಣಿನ ಕೊಳವೆ, ಕೆಂಪಗೆ, ಇನ್ನೂ ಗಟ್ಟಿಯಾಗಿದೆ. ಬಾಯಿಯ ತುಂಬ ನಿಂಬೆಯ ಬೇರು.

ಡ್ಯೂಟಿ ಮುಗಿಸಿ ಮಲಗಿದ್ದ ಇವರನ್ನು ಎಬ್ಬಿಸಿ ತೋರಿಸಿದೆ. ಕಣ್ಣುಜ್ಜಿಕೊಂಡು ಬಗ್ಗಿ ನೋಡಿದರು. "ಒಗೆಯೋ ಕಲ್ಲು ಮೊದಲು ಇಲ್ಲೇ ಇತ್ತು" ಅಂದರು ಮೆಲ್ಲಗೆ. "ಅವಳು ಹೋದ ಮೇಲೆ ನಾನೇ ನಲ್ಲಿಯ ಹತ್ತಿರಕ್ಕೆ ಉರುಳಿಸಿದೆ. ಅತ್ತೆ ಆಗ ಸ್ವಲ್ಪ ದಿನ ಮಗನ ಮನೇಗೆ ಹೋಗಿದ್ದರು. ಮರೆತೇಹೋಗಿತ್ತು."

ಮರೆವು ಯಾರಿಗೆ ಅಂತ ನಾನು ಕೇಳಲಿಲ್ಲ. ಅವರ ಮುಖವೇ ಕೇಳುತ್ತಿತ್ತು.

ಮೇಸ್ತ್ರಿ ಬೇರು ಕಿತ್ತು, ಉದ್ದದ ಬಿದಿರು ತೂರಿಸಿ ತಿರುವಿದರು. ನಾನು ಬಕೆಟ್ಟಿನಿಂದ ನೀರು ಸುರಿದೆ. ಮೊದಲು ಉಕ್ಕಿ ವಾಪಸ್ಸು ಬಂತು. ಇನ್ನೊಂದು ಬಕೆಟ್ಟು. ಆಮೇಲೆ ಗೊಳಗೊಳ ಅಂತ ಸದ್ದು ಮಾಡಿ ಒಳಕ್ಕೆ ಹೋಯಿತು. ಬೀದಿಗೆ ಓಡಿದ ಮೇಸ್ತ್ರಿ ಮೋರಿಯ ಹತ್ತಿರದಿಂದ "ಬಂತು, ಬಂತು" ಅಂದರು. ನಾನು ಬಾಗಿಲ ಕಡೆ ತಿರುಗಿ "ಬಂತಂತೆ" ಅಂದೆ. ಅಲ್ಲಿ ಕುರ್ಚಿ ಮಾತ್ರ ಇತ್ತು.

ಕೊಳವೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ತಾನಾಗಿ ಕೂತುಕೊಂಡಿತು. ನೀರಿಗೆ ಹೊರದಾರಿ ಇದೆ. ಹಾಗಾಗಿ ವಾಟ ಹೊಸ್ತಿಲ ಕಡೆಗೇ, ಅಲ್ಲೊಂದು ಕಾಲುವೆ, ಅದರಿಂದ ಕೊಳವೆಗೆ. ಕೆಳಗೆ ಕಾಂಕ್ರೀಟು, ಹಾಗಾಗಿ ಗಟ್ಟಿ ಸಂದು. ಎರಡನೆಯದು.

ಫೋನ್ ಮಾಡಿದೆ. ಮಗ ಎತ್ತಿದರು, ಅಮ್ಮ ಮಲಗಿದ್ದಾರೆ ಅಂದರು. ಎದ್ದ ಮೇಲೆ ಹೇಳಿ ಅಂತ ಹೇಳಹೊರಟವಳು ಫೋನ್ ಇಟ್ಟುಬಿಟ್ಟೆ. ಇಂಥದ್ದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು ಹೇಗೆ?

ಏಪ್ರಿಲ್ ೧೪, ಮಂಗಳವಾರ

ಕಾಂಕ್ರೀಟು ಆಯಿತು. ಚಪ್ಪಡಿ ಹಾಸುತ್ತಿದ್ದಾರೆ. ಕಣ್ಣಿಗೆ ಸಪಾಟಾಗಿ ಕಾಣುತ್ತದೆ, ಗೋಲಿ ಇಟ್ಟರೆ ನಿಧಾನವಾಗಿ ಹೊಸ್ತಿಲ ಕಡೆ ಉರುಳುತ್ತದೆ. ಕಾಲುವೆಗೆ ಮೇಸ್ತ್ರಿ ತಂದ ಜಾಲರಿ ನನಗೆ ಹಿಡಿಸಲಿಲ್ಲ. ಕಂಡಿ ತೀರ ಅಗಲ, ಕೋಲಿನ ತುದಿ ಸಿಕ್ಕಿಕೊಳ್ಳುತ್ತದೆ ಅಂದೆ.

"ಈ ಮನೇಲಿ ಕೋಲು ಹಿಡಿಯೋರು ಯಾರಿದಾರೆ ಮೇಡಂ?"

"ಯಾರೂ ಇಲ್ಲ."

"ಮತ್ತೆ?"

"ಇರಲಿ, ಸಣ್ಣ ಕಂಡೀದು ತನ್ನಿ. ಹೊಸ್ತಿಲ ಪಕ್ಕ ಗೋಡೆಗೊಂದು ಹಿಡಿಕೆ ಕೂಡ."

"ಆಗುತ್ತೆ ಬಿಡಿ" ಅಂದರು, ನನ್ನನ್ನೊಂದು ಥರ ನೋಡಿ. ಸಂದು ತುಂಬುವುದನ್ನು ಮಾತ್ರ ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ ಅಂದೆ. ಮೋಡ ಕಟ್ಟುತ್ತಿದೆ, ಈಗಲೇ ಮುಗಿಸುವುದು ವಾಸಿ ಅಂತ ಅವರ ವಾದ. ಸರಿಯಾದ ವಾದವೇ. ಯಾಕೆ ತಡೆದೆನೋ ನನಗೂ ಗೊತ್ತಿಲ್ಲ.

ಶನಿವಾರ ಅಮ್ಮನ ಪ್ಲಾಸ್ಟರು ತೆಗೆಯಬೇಕು. ಇಲ್ಲಿಯ ಡಾಕ್ಟರೇ ಹಾಕಿದ್ದು, ಅವರೇ ತೆಗೆಯಬೇಕಲ್ಲವೇ. ನಾನೇ ಹೋಗಿ ಕರೆತರುವುದು ಒಳ್ಳೆಯದು. ಮಗನಿಗೆ ಆಫೀಸು ಇರುತ್ತದೆ.

ಏಪ್ರಿಲ್ ೧೮, ಶನಿವಾರ

ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ವಾಪಸ್ಸು ಬಂದೆ. ಒಬ್ಬಳೇ.

ಅವರ ಮನೆ ಐದನೇ ಮಹಡಿಯಲ್ಲಿ. ಹೊಸ ಬಣ್ಣದ ವಾಸನೆ. ಅಮ್ಮನಿಗೆ ಪ್ರತ್ಯೇಕ ಕೋಣೆ, ಕಿಟಕಿ, ಕಿಟಕಿಯ ಹತ್ತಿರ ಕುರ್ಚಿ. ಸೊಸೆ ಬಾಗಿಲು ತೆರೆದು ತುಂಬ ಪ್ರೀತಿಯಿಂದ ಮಾತಾಡಿಸಿದಳು. ಮಗನಿಗೂ ರಜೆ, ಮನೆಯಲ್ಲೇ ಇದ್ದರು. ಎಲ್ಲಿ ಏನು ಕೊರತೆ ಅಂತ ನನ್ನ ಕಣ್ಣು ಹುಡುಕುತ್ತಿತ್ತು, ಸಿಗಲಿಲ್ಲ. ಅಮ್ಮ ಒಳಗಿನಿಂದ ಬಂದರು. ಬಲಗೈ ಬರಿದಾಗಿತ್ತು, ಬೆಳ್ಳಗೆ, ಸಣ್ಣಗೆ. ಪ್ಲಾಸ್ಟರನ್ನು ಗುರುವಾರವೇ ಅಲ್ಲಿಯ ಆಸ್ಪತ್ರೆಯಲ್ಲಿ ತೆಗೆಸಿದ್ದರು.

"ಪ್ಲಾಸ್ಟರು ತೆಗೆಸಕ್ಕೆ ಅಂತ ಬಂದೆ" ಅಂದೆ.

"ಅಯ್ಯೋ, ಒಂದು ಫೋನ್ ಮಾಡಿದ್ರೆ ಹೇಳ್ತಿದ್ವಲ್ಲ" ಅಂದಳು ಸೊಸೆ.

ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತೆ. "ಕೊಳವೆ ಸಿಕ್ತು" ಅಂದೆ ಕೊನೆಗೆ. "ನೀವು ಹೇಳಿದ ಕಡೆಯೇ ಇತ್ತು. ಕಲ್ಲನ್ನೇ ಇವರು ಸರಿಸಿಬಿಟ್ಟಿದ್ರು, ಮರೆತಿದ್ರು. ನೀವು ಹೇಳಿದ್ದು ಸರಿ ಇತ್ತು."

ಅಮ್ಮ ತಲೆಯಾಡಿಸಿದರು. "ನಿಂಬೆ ಗಿಡದ ಹತ್ತಿರವಾ?"

"ಹೂಂ."

"ಹಾಗಾದರೆ ಬೇರು ತುಂಬಿರಬೇಕು."

"ತುಂಬಿತ್ತು. ತೆಗೆಸಿದೆ."

"ಇಷ್ಟು ಹೇಳಕ್ಕೆ ಬಸ್ಸಲ್ಲಿ ಬಂದ್ರಾ?" ಅಂತ ಸೊಸೆ ನಕ್ಕಳು. ಕೆಟ್ಟದ್ದಕ್ಕಲ್ಲ, ಸಹಜವಾಗಿ. "ಅತ್ತೇನ ಕರಕೊಂಡು ಹೋಗಿ ಅಂತ ಫೋನಲ್ಲೇ ಹೇಳಿದ್ರಂತೆ, ಕೊಳವೆ ಸಿಕ್ಕಿದ್ದಕ್ಕೆ ಖುದ್ದಾಗಿ ಬಂದ್ರಿ."

ಹೇಳಿದ ಮೇಲೆ ಬಾಯಿ ಜಾರಿದ್ದು ಅವಳಿಗೆ ಅರ್ಥವಾಯಿತು. ಮಗ ಕಣ್ಣು ಮುಚ್ಚಿಕೊಂಡರು. ನನ್ನ ಕಿವಿ ಬಿಸಿಯಾಗಿತ್ತು, ನೆಲದ ಟೈಲ್ಸಿನ ಸಂದು ನೋಡುತ್ತಾ ಕೂತಿದ್ದೆ. ಬಿಳಿ ಸಂದು.

"ಹೌದು, ನಾನೇ ಹೇಳಿದ್ದೆ" ಅಂದೆ.

"ನನಗೆ ಗೊತ್ತು" ಅಂದರು ಅಮ್ಮ. "ಹಜಾರದಲ್ಲಿ ನಿಂತು ಮಾತಾಡಿದ್ದಲ್ವಾ. ಮುರಿದಿದ್ದು ಕೈ. ಕಿವಿ ಚೆನ್ನಾಗೇ ಇತ್ತು."

ಹಾಗಾದರೆ ಆ ಭಾನುವಾರ ಬಂದು ಪೆಟ್ಟಿಗೆ ಹಿಡಿದುಕೊಂಡಾಗ ಗೊತ್ತಿತ್ತು. ಕಾರಿನ ಗಾಜು ಇಳಿಸಿದಾಗಲೂ ಗೊತ್ತಿತ್ತು. "ಈಗ ಕರಕೊಂಡು ಹೋಗಕ್ಕೆ ಬಂದಿದೀನಿ. ಬರ್ತೀರಾ?" ಅಂದುಬಿಟ್ಟೆ. ಬಸ್ಸಿನಲ್ಲಿ ಎಷ್ಟೊಂದು ಮಾತು ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ.

ಅಮ್ಮ ಕಿಟಕಿಯ ಕಡೆ ನೋಡಿದರು. ಮಗನ ಕಡೆ ನೋಡಿದರು. "ಇಲ್ಲೂ ಚೆನ್ನಾಗಿ ನೋಡ್ಕೊತಾರೆ" ಅಂದರು.

"ಗೊತ್ತು."

"ನೋಡೋಣ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಯಾವ ಹಕ್ಕಿನ ಮೇಲೆ ಕರೆದೆ? ಅಲ್ಲಿ ಹೆತ್ತ ಮಗ ಇದ್ದಾರೆ. ಇಲ್ಲಿ ಹೆಚ್ಚು ಹೊತ್ತು ಮನೆಯಲ್ಲಿರದ ಅಳಿಯ, ಮತ್ತೆ ನಾನು. ನಾನು ಯಾರು?

ಏಪ್ರಿಲ್ ೨೩, ಗುರುವಾರ

ಇನ್ನು ತಡೆಯುವುದಕ್ಕೆ ನನ್ನ ಹತ್ತಿರ ನೆಪ ಇರಲಿಲ್ಲ. ಬೆಳಿಗ್ಗೆ ಸಂದು ತುಂಬಿದೆವು. ಮೇಸ್ತ್ರಿಯ ಜೊತೆ ನಾನೂ ಕೂತೆ, ಇವರೂ ರಜೆ ಹಾಕಿ ಕೂತರು. ಕಲ್ಲನ್ನು ಮೊದಲು ತೇವ ಮಾಡಿ, ಉಂಡೆ ಕಟ್ಟುವಷ್ಟೇ ನೀರು ಹಾಕಿ ಕಲಸಿ, ಒತ್ತಿ ಒತ್ತಿ ತುಂಬಿ, ಮೇಲೆ ಬಿದ್ದದ್ದನ್ನು ಒಣಗುವ ಮೊದಲೇ ಸ್ಪಂಜಿನಲ್ಲಿ ಒರೆಸುವುದು. ಮೇಸ್ತ್ರಿ ನೀರು ಇನ್ನಷ್ಟು ಹಾಕಿ ಅಂದರು, ನಾನು ಕೊಡಲಿಲ್ಲ.

ಮುಗಿಸುತ್ತಿದ್ದ ಹಾಗೆ ಗುಡುಗಿತು. ಒಣಗದ ಸಂದಿಗೆ ಮಳೆ ಬಿದ್ದರೆ ತೊಳೆದು ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಎಳೆದು, ಕಲ್ಲು ಹೇರಿ, ಕಲ್ಲು ಸಾಲದ ಕಡೆ ಇವರೂ ನಾನೂ ಮೂಲೆ ಹಿಡಿದು ಕೂತೆವು. ತೋಯ್ದು ತೊಪ್ಪೆಯಾದೆವು. ಹಾಳೆಯ ಮೇಲೆ ಬಿದ್ದ ನೀರು ಹರಿದು ಕಾಲುವೆಗೆ ಬಿದ್ದು, ಮಾಯವಾಗುತ್ತಿತ್ತು. ಹೊಸ್ತಿಲು ಒಣಗಿಯೇ ಇತ್ತು.

ಇವರು ಆ ಕಡೆಯ ಮೂಲೆಯಿಂದ ಏನೋ ಅಂದರು. ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಏನು ಅಂದೆ.

"ಅತ್ತೆ ಹತ್ತಿರ ನಾನೇ ಹೋಗಬೇಕಿತ್ತು. ಅವರು ಇಲ್ಲಿರಲಿ ಅಂತ ನನಗೆ ಆಸೆ. ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ. ನಿನಗೆ ಕಷ್ಟ ಆಗುತ್ತೇನೋ ಅಂತ."

"ಈಗ ಹೇಳಿದ್ರಲ್ಲ. ಅವರಿಗೂ ಹೇಳಿ."

ರಾತ್ರಿ ಊಟಕ್ಕೆ ಮುಂಚೆ ಹಜಾರದಲ್ಲಿ ನಿಂತು ಫೋನ್ ಮಾಡಿದರು. ನಾನು ಅಡುಗೆಮನೆಯಲ್ಲಿ ಇದ್ದೆ. ಕೇಳಿಸಿಕೊಳ್ಳಬಾರದು ಅಂತ ನಲ್ಲಿ ತಿರುಗಿಸಿದೆ.

ಏಪ್ರಿಲ್ ೨೬, ಭಾನುವಾರ

ಮಗ ಬೆಳಿಗ್ಗೆ ಫೋನ್ ಮಾಡಿ, "ಅಮ್ಮ ಬಸ್ಸು ಹತ್ತಿದಾಳೆ. ಕಾರಲ್ಲಿ ಬಿಡ್ತೀನಿ ಅಂದರೆ ಕೇಳಲಿಲ್ಲ" ಅಂದರು. ಸ್ವಲ್ಪ ಬೇಸರ ಇತ್ತು ದನಿಯಲ್ಲಿ, ಸಿಟ್ಟಿರಲಿಲ್ಲ. ರಜೆಯಲ್ಲಿ ಅಲ್ಲಿಗೆ ಕಳಿಸಿಕೊಡುತ್ತೇವೆ ಅಂದೆ. ಯಾರ ರಜೆ, ಏನು, ಅವರೂ ಕೇಳಲಿಲ್ಲ.

ಇವರೂ ನಾನೂ ಬಸ್ ನಿಲ್ದಾಣದಲ್ಲಿ ಕಾದೆವು. ಇವರು ಯೂನಿಫಾರಂನಲ್ಲೇ ಇದ್ದರು, ಅಲ್ಲಿಂದ ಹಾಗೇ ಡ್ಯೂಟಿಗೆ. ಬಸ್ಸು ತಡವಾಯಿತು. ತಪ್ಪು ಬಸ್ಸು ಹತ್ತಿರಬಹುದೇ, ದಾರಿಯಲ್ಲಿ ಇಳಿದಿರಬಹುದೇ, ಮನಸ್ಸು ಬದಲಾಯಿಸಿರಬಹುದೇ ಅಂತ ನಾನು ಮೂರು ಮೂರು ಸಲ ಕೇಳಿದೆ. ಇವರು ಮೂರು ಸಲವೂ "ಬರ್ತಾರೆ" ಅಂದರು.

ಬಸ್ಸು ಬಂತು. ಅಮ್ಮ ಕೊನೆಯವರಾಗಿ ಬಾಗಿಲಿಗೆ ಬಂದರು. ಬ್ಯಾಗು ಎಡಗೈಯಲ್ಲಿ, ಕೋಲು ಬಲಗೈಯಲ್ಲಿ. ಇವರು ಮುಂದೆ ನುಗ್ಗಿ "ಕೊಡಿ ಅತ್ತೆ" ಅಂತ ಬ್ಯಾಗಿಗೆ ಕೈ ಚಾಚಿದರು. ಅಮ್ಮ ಅವರ ಭುಜ ತಟ್ಟಿ, ಪಕ್ಕಕ್ಕೆ ಸರಿಸಿ, ಮೆಟ್ಟಿಲು ಇಳಿದು ಬಂದು ಬ್ಯಾಗನ್ನು ನನ್ನ ಕೈಗೆ ಕೊಟ್ಟರು.

"ಹುಷಾರು. ಭಾರ ಇದೆ."

ನಿಜವಾಗಿಯೂ ಭಾರವಿತ್ತು. ಮನೆಯ ತನಕ ಕೈ ಬದಲಾಯಿಸಿ ಬದಲಾಯಿಸಿ ಹೊತ್ತೆ. ಕೈ ಇನ್ನೂ ನೋಯುತ್ತಿದೆ, ಇವತ್ತಿಗೆ ಇಷ್ಟು ಸಾಕು.